ನಕ್ಷತ್ರ ಕಾಣುವ ಸೂರು: ಶರತ್ಕಾಲದ ಯೆಹೂದಿ ಸಮಾವೇಶಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಆಶ್ವಯುಜ ಮಾಸದ ಹುಣ್ಣಿಮೆಯಂದು ನಮ್ಮ ರೈತರು ಹೊಲಕ್ಕೆ ಹೋಗಿ, ಬೆಳೆದು ನಿಂತ ಪೈರಿಗೆ ಪೂಜೆ ಸಲ್ಲಿಸಿ, ಚರಗ ಚೆಲ್ಲಿ, ಅಲ್ಲಿಯೇ ಕುಳಿತು ಊಟ ಮಾಡುತ್ತಾರೆ. ಸೀಗಿ ಹುಣ್ಣಿಮೆಯೆಂದೂ ಭೂಮಿ ಹುಣ್ಣಿಮೆಯೆಂದೂ ನಾವು ಕರೆಯುವ ಈ ಹಬ್ಬದ ಹೊತ್ತಿಗೇ ಅನೇಕ ವರ್ಷಗಳಲ್ಲಿ ಯೆಹೂದಿಗಳ ಸುಕ್ಕೋತ್, ಅಂದರೆ ಗುಡಿಸಲುಗಳ ಹಬ್ಬವೂ ಆರಂಭವಾಗುತ್ತದೆ. 2022, 2024 ಮತ್ತು 2025ರಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ರಾತ್ರಿಗೆ ಬಂದವು. ಯೆಹೂದಿ ಪಂಚಾಂಗವೂ ಚಂದ್ರನನ್ನು ನೋಡಿ ತಿಂಗಳೆಣಿಸುತ್ತದೆ, 19 ವರ್ಷಗಳಲ್ಲಿ 7 ಬಾರಿ ಅಧಿಕ ಮಾಸವನ್ನು ಸೇರಿಸಿ ಸೌರವರ್ಷದೊಡನೆ ಹೊಂದಿಕೊಳ್ಳುತ್ತದೆ. ಆದ್ದರಿಂದ ಈ ಸಾಮೀಪ್ಯದಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ನಾನು ಇಂದು ಮಾತನಾಡಬೇಕೆಂದಿರುವುದು ಆ ಹಬ್ಬದ ಸುತ್ತ, ಮುಖ್ಯವಾಗಿ ನ್ಯೂಯಾರ್ಕ್ ನಗರದಲ್ಲಿ, ಶರತ್ಕಾಲದಲ್ಲಿ ಜನ ಸೇರುವ ಬಗೆಯನ್ನು ಕುರಿತು. ಅಲ್ಲಿ ಕಲೆ, ಸಾಮಾಜಿಕ ಹೋರಾಟ ಮತ್ತು ಧಾರ್ಮಿಕ ಚಿಂತನೆ ಒಂದೇ ಚಪ್ಪರದ ಕೆಳಗೆ ಕೂಡಿಬರುವುದನ್ನು ಕಾಣುತ್ತೇವೆ. ಈ ಮೂರನ್ನೂ ಯಾರೋ ಹೊಸದಾಗಿ ತಂದು ಬೆಸೆದದ್ದಲ್ಲ, ಹಬ್ಬದ ಹಳೆಯ ಕಟ್ಟಳೆಯೊಳಗೇ ಆ ಬೆಸುಗೆ ಇದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ತಿಶ್ರಿ ಎಂಬ ಮಾಸ ಯೆಹೂದಿಗಳಿಗೆ ಹಬ್ಬಗಳ ಮಾಸ. ಅದರ ಮೊದಲ ದಿನ ಹೊಸ ವರ್ಷ, ರೋಷ್ ಹಶಾನಾ. ಹತ್ತನೆಯ ದಿನ ಪ್ರಾಯಶ್ಚಿತ್ತದ ಉಪವಾಸ, ಯೋಮ್ ಕಿಪ್ಪುರ್. ಹದಿನೈದನೆಯ ದಿನ, ಹುಣ್ಣಿಮೆಗೆ, ಸುಕ್ಕೋತ್. ಹೊಸ ವರ್ಷದ ಹೊತ್ತಿನಲ್ಲಿ ಅನೇಕರು ಹೊಳೆಯ ದಂಡೆಗೋ ಕಡಲ ತೀರಕ್ಕೋ ಹೋಗಿ, ಬೈಬಲಿನ ಪ್ರವಾದಿ ಮೀಕನ ಮಾತುಗಳನ್ನು ಹೇಳಿಕೊಂಡು, ತಮ್ಮ ಪಾಪಗಳನ್ನು ಸಾಂಕೇತಿಕವಾಗಿ ನೀರಿಗೆ ಬಿಡುತ್ತಾರೆ. ತಶ್ಲೀಖ್ ಎಂಬುದು ಈ ಆಚರಣೆಯ ಹೆಸರು. ಈಚಿನ ವರ್ಷಗಳಲ್ಲಿ ಪರಿಸರಾಸಕ್ತ ಗುಂಪುಗಳು ಇದನ್ನೇ ತಿರುವುಹಾಕಿ, ಅದೇ ದಿನಗಳಲ್ಲಿ ದಂಡೆಗೆ ಬಂದು, ನೀರಿಗೆ ಏನನ್ನೂ ಬಿಡದೆ, ನೀರಿನಲ್ಲಿರುವ ಪ್ಲಾಸ್ಟಿಕ್ಕನ್ನೂ ಕಸವನ್ನೂ ಹೆಕ್ಕಿ ತೆಗೆಯುವ ಕಾರ್ಯಕ್ರಮಗಳನ್ನು ಹಲವು ದೇಶಗಳಲ್ಲಿ ನಡೆಸುತ್ತಿವೆ. ಮಾಡಿದ್ದನ್ನು ನೆನೆದು ಪರಿತಪಿಸುವುದು ಮತ್ತು ಮಾಡಿದ್ದನ್ನು ಸರಿಪಡಿಸುವುದು, ಎರಡೂ ಇಲ್ಲಿ ಒಂದೇ ಕೈಯ ಕೆಲಸವಾಗುತ್ತವೆ.

ಯೋಮ್ ಕಿಪ್ಪುರ್ ದಿನದ ತಪ್ಪೊಪ್ಪಿಗೆಯನ್ನು ಗಮನಿಸಿ. ಅಲ್ಲಿ ಯಾರೂ ‘ನಾನು ತಪ್ಪು ಮಾಡಿದೆ’ ಎಂದು ಒಬ್ಬಂಟಿಯಾಗಿ ಹೇಳುವುದಿಲ್ಲ. ಇಡೀ ಸಭೆ ನಿಂತು, ಹೀಬ್ರೂ ಅಕ್ಷರಮಾಲೆಯ ಕ್ರಮದಲ್ಲಿ, ನಾವು ತಪ್ಪು ಮಾಡಿದೆವು, ನಾವು ದ್ರೋಹ ಮಾಡಿದೆವು, ನಾವು ದೋಚಿದೆವು ಎಂದು ಹೇಳುತ್ತ ಒಂದೊಂದು ತಪ್ಪಿಗೂ ಎದೆಯನ್ನು ಮೃದುವಾಗಿ ತಟ್ಟಿಕೊಳ್ಳುತ್ತದೆ. ತಾನೇ ಕೈಯಾರೆ ದೋಚದವನೂ ದೋಚಿದವರ ನಡುವೆ ನಿಂತು ಹೊಣೆ ಹೊರುತ್ತಾನೆ. ಅದೇ ಬೆಳಿಗ್ಗೆ, ಹಸಿದ ಹೊಟ್ಟೆಯಲ್ಲಿ ಕುಳಿತ ಆ ಸಭೆಗೆ, ಪ್ರವಾದಿ ಯೆಶಾಯನ 58ನೆಯ ಅಧ್ಯಾಯವನ್ನು ಓದಿ ಹೇಳಲಾಗುತ್ತದೆ. ತಲೆ ತಗ್ಗಿಸಿ ಗೋಣಿತಟ್ಟಿನ ಮೇಲೆ ಬೂದಿಯಲ್ಲಿ ಕೂರುವುದನ್ನು ಉಪವಾಸವೆನ್ನುತ್ತೀರಾ ಎಂದು ಪ್ರವಾದಿ ಕೇಳುತ್ತಾನೆ. ಹಸಿದವರಿಗೆ ಅನ್ನ ಹಂಚುವುದು, ನೆಲೆಯಿಲ್ಲದ ಬಡವರನ್ನು ಮನೆಗೆ ಕರೆತರುವುದು, ನೊಗವನ್ನು ಮುರಿಯುವುದು, ಇವೇ ದೇವರಿಗೆ ಬೇಕಾದ ಉಪವಾಸ ಎನ್ನುತ್ತಾನೆ. ಉಪವಾಸ ಮಾಡುತ್ತಿರುವವರ ಎದುರಿಗೇ ಉಪವಾಸದ ವಿಮರ್ಶೆಯನ್ನು ಓದಬೇಕೆಂದು ಗೊತ್ತುಮಾಡಿದ ಹಿರಿಯರ ಧೈರ್ಯ ದೊಡ್ಡದು. ಆ ದಿನ ಸಂಜೆ ಉಪವಾಸ ಮುಗಿದೊಡನೆ, ಊಟ ಮಾಡಿದ್ದೇ ತಡ, ಸುತ್ತಿಗೆ ಮೊಳೆ ಹಿಡಿದು ಹಿತ್ತಲಿನಲ್ಲಿ ಸುಕ್ಕೋತ್ ಹಬ್ಬದ ಗುಡಿಸಲಿನ ಕೆಲಸಕ್ಕೆ ತೊಡಗುವುದು ಅನೇಕ ಮನೆಗಳ ಪದ್ಧತಿ.

ಆ ಗುಡಿಸಲಿಗೆ ಸುಕ್ಕಾ ಎಂದು ಹೆಸರು. ಈಜಿಪ್ಟಿನ ದಾಸ್ಯದಿಂದ ಹೊರಬಂದ ಜನ ಮರುಭೂಮಿಯಲ್ಲಿ ಗುಡಿಸಲುಗಳಲ್ಲಿದ್ದುದನ್ನು ತಲೆಮಾರುಗಳು ಮರೆಯದಿರಲೆಂದು ಏಳು ದಿನ ಅಂಥದ್ದರಲ್ಲಿ ವಾಸಿಸಬೇಕೆಂದು ಬೈಬಲಿನ ಯಾಜಕಕಾಂಡದ 23ನೆಯ ಅಧ್ಯಾಯ ವಿಧಿಸುತ್ತದೆ. ಅದನ್ನು ಕಟ್ಟುವ ಬಗೆಯನ್ನು ಯೆಹೂದಿ ಧರ್ಮಶಾಸ್ತ್ರದ ಪ್ರಾಚೀನ ಗ್ರಂಥಗಳಾದ ಮಿಶ್ನಾ ಮತ್ತು ತಾಲ್ಮುದ್ ಕೂಲಂಕಷವಾಗಿ ಚರ್ಚಿಸಿವೆ. ಎತ್ತರ ಇಪ್ಪತ್ತು ಮೊಳವನ್ನು ಮೀರಬಾರದು, ಹತ್ತು ಅಂಗೈಯಗಲಕ್ಕಿಂತ ಕಡಿಮೆಯಿರಬಾರದು. ಗೋಡೆಗಳು ಕನಿಷ್ಠ ಎರಡು ಪೂರ್ತಿಯಾಗಿ, ಮೂರನೆಯದು ಸ್ವಲ್ಪವಾದರೂ ಇರಬೇಕು. ಅವುಗಳನ್ನು ಯಾವುದರಿಂದಲೂ ಮಾಡಬಹುದು. ಕಟ್ಟಿಹಾಕಿದ ಆನೆಯೊಂದನ್ನು ಗೋಡೆಯಾಗಿ ನಿಲ್ಲಿಸಬಹುದೇ ಎಂದು ತಾಲ್ಮುದ್‌ನ ಪಂಡಿತರು ಗಂಭೀರವಾಗಿ ಚರ್ಚಿಸಿ, ಆಗಬಹುದು, ಅದು ಸತ್ತು ಬಿದ್ದರೂ ಅದರ ದೇಹ ಹತ್ತು ಅಂಗೈಯಗಲ ಎತ್ತರವಿದ್ದೇ ಇರುತ್ತದೆ ಎಂದು ತೀರ್ಮಾನಿಸಿದ್ದಾರೆ. ಆದರೆ ಮಾಡಿನ ವಿಷಯದಲ್ಲಿ ಇಂಥ ಸಡಿಲಿಕೆಯಿಲ್ಲ. ಅದು ಮಣ್ಣಿನಿಂದ ಬೆಳೆದದ್ದಾಗಿರಬೇಕು, ಬೇರಿನಿಂದ ಕಡಿದದ್ದಾಗಿರಬೇಕು, ಬಯಲಿನಲ್ಲಿ ಆಕಾಶದ ಕೆಳಗೇ ಇರಬೇಕು. ಬಿಸಿಲಿಗಿಂತ ನೆರಳು ಹೆಚ್ಚಿರಬೇಕು. ಆದರೂ ರಾತ್ರಿ ಸೊಪ್ಪಿನ ಸಂದಿಯಿಂದ ನಕ್ಷತ್ರ ಕಾಣುವಂತಿದ್ದರೆ ಲೇಸು. ನಮ್ಮ ಮದುವೆಮನೆಯ ಮುಂದೆ ತೆಂಗಿನ ಗರಿ ಹೊದಿಸಿದ ಹಸಿರು ಚಪ್ಪರವನ್ನು ನೆನೆದುಕೊಂಡರೆ ಸುಕ್ಕಾದ ರೂಪ ಬಹುಮಟ್ಟಿಗೆ ಕಣ್ಣಿಗೆ ಕಟ್ಟುತ್ತದೆ.

ಅಂದರೆ, ಗೋಡೆ ಗಟ್ಟಿಯಿದ್ದರೂ ಸೂರು ಮಾತ್ರ ಗಟ್ಟಿಯಾಗಬಾರದು ಎಂಬುದು ಕಟ್ಟಳೆಯ ತಿರುಳು. ಫಸಲು ಮನೆ ಸೇರಿ ಕಣಜ ತುಂಬಿದ ಹೊತ್ತಿನಲ್ಲಿ, ಮನುಷ್ಯನಿಗೆ ತನ್ನ ಭದ್ರತೆಯ ಬಗ್ಗೆ ಅತಿ ಹೆಚ್ಚು ನಂಬಿಕೆ ಹುಟ್ಟುವ ಆ ಹೊತ್ತಿನಲ್ಲೇ, ಮಳೆ ಸೋರುವ ಮಾಡಿನ ಕೆಳಗೆ ಬಂದು ಕುಳಿತುಕೋ ಎಂದು ಈ ಹಬ್ಬ ಹೇಳುತ್ತದೆ. ಕೂರುವಾಗ ಒಬ್ಬನೇ ಕೂರುವಂತೆಯೂ ಇಲ್ಲ. ಅಬ್ರಹಾಮನಿಂದ ದಾವೀದನವರೆಗೆ ಏಳು ಮಂದಿ ಪೂರ್ವಿಕರನ್ನು ದಿನಕ್ಕೊಬ್ಬರಂತೆ ಅತಿಥಿಗಳಾಗಿ ಆಹ್ವಾನಿಸುವ ಸಂಪ್ರದಾಯವಿದ್ದು, ಆ ಅತಿಥಿಗಳ ಪಾಲಿನ ಊಟ ಬಡವರಿಗೆ ಸಲ್ಲಬೇಕೆಂದು ಯೆಹೂದಿ ಅನುಭಾವಿಗಳ ಜೋಹರ್ ಗ್ರಂಥ ಹೇಳುತ್ತದೆ. ಬಾಗಿಲು ಹಾಕಿಕೊಂಡು ಹೆಂಡತಿ ಮಕ್ಕಳೊಡನೆ ಮಾತ್ರ ಉಂಡು, ಬಡವರಿಗೂ ನೊಂದವರಿಗೂ ಇಕ್ಕದವನ ಸಂತೋಷ ಹಬ್ಬದ ಸಂತೋಷವಲ್ಲ, ಹೊಟ್ಟೆಯ ಸಂತೋಷ ಎಂದು 12ನೆಯ ಶತಮಾನದ ಮಹಾಪಂಡಿತ ಮೈಮಾನಿಡೀಸ್ ಖಡಾಖಂಡಿತವಾಗಿ ಬರೆದಿದ್ದಾನೆ.

ಈ ಹಿನ್ನೆಲೆಯಲ್ಲಿ 2010ರ ಸೆಪ್ಟೆಂಬರ್ 19 ಮತ್ತು 20ರಂದು ನ್ಯೂಯಾರ್ಕಿನ ಯೂನಿಯನ್ ಸ್ಕ್ವೇರ್ ಉದ್ಯಾನದಲ್ಲಿ ನಡೆದ ‘ಸುಕ್ಕಾ ಸಿಟಿ’ಯನ್ನು ನೋಡಬೇಕು. ಹಳೆಯ ನಿಯಮಗಳನ್ನು ಪಾಲಿಸಿಯೇ ಹೊಸ ಬಗೆಯ ಸುಕ್ಕಾವನ್ನು ವಿನ್ಯಾಸಗೊಳಿಸಬೇಕೆಂದು ಜಗತ್ತಿನ ವಾಸ್ತುಶಿಲ್ಪಿಗಳಿಗೂ ಕಲಾವಿದರಿಗೂ ಕರೆ ಕೊಡಲಾಗಿತ್ತು. 600ಕ್ಕೂ ಹೆಚ್ಚು ವಿನ್ಯಾಸಗಳು ಬಂದವು, 12 ಆಯ್ಕೆಯಾದವು. ಅವನ್ನು ಬ್ರೂಕ್ಲಿನ್‌ನಲ್ಲಿ ಕಟ್ಟಿ, ಲಾರಿಗಳಲ್ಲಿ ತಂದು ಉದ್ಯಾನದಲ್ಲಿ ನಿಲ್ಲಿಸಲಾಯಿತು. ಒಂದರಲ್ಲಿ ಗಾಜಿನ ಗೋಡೆಗಳ ಮೇಲೆ ಭಾರಿ ಮರದ ದಿಮ್ಮಿಯೊಂದು ಮಲಗಿತ್ತು. ಜನರ ಮತ ಗಳಿಸಿ ಗೆದ್ದದ್ದು ‘ಒಡೆದ ಗುಳ್ಳೆ’ ಎಂಬರ್ಥದ ಹೆಸರಿನ ಗೋಳಾಕಾರದ ರಚನೆ. ಅದಕ್ಕೆ ಹೊದಿಸಿದ್ದು ಕ್ವೀನ್ಸ್ ಭಾಗದ ಜೌಗಿನಲ್ಲಿ ಕಳೆಯಂತೆ ಹಬ್ಬಿಕೊಳ್ಳುವ ಜೊಂಡು. ಯಾರಿಗೂ ಬೇಡವಾದ ಕಳೆ ಹಬ್ಬದ ಸೂರಾಯಿತೆಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಆದರೆ ಆ ಹನ್ನೆರಡರಲ್ಲಿ ಮನಸ್ಸನ್ನು ಬಹುಕಾಲ ಕಾಡುವಂಥದ್ದು ಬೇರೊಂದು. ಕ್ಯಾಲಿಫೋರ್ನಿಯಾದ ರಾನಲ್ಡ್ ರೇಲ್ ಮತ್ತು ವರ್ಜೀನಿಯಾ ಸಾನ್ ಫ್ರಾತೆಲೊ ಎಂಬ ವಾಸ್ತುಶಿಲ್ಪಿಗಳು, ಮನೆಯಿಲ್ಲದವರು ಬೀದಿಬದಿಯಲ್ಲಿ ಹಿಡಿದು ಕೂರುವ ರಟ್ಟಿನ ಫಲಕಗಳನ್ನು ಅವರಿಂದ ದುಡ್ಡು ಕೊಟ್ಟು ಪಡೆದು, ಅವುಗಳಿಂದಲೇ ತಮ್ಮ ಸುಕ್ಕಾವನ್ನು ಹೊದಿಸಿದರು. ಹಸಿವೆಯನ್ನೂ ನೆಲೆಯಿಲ್ಲದಿರುವುದನ್ನೂ ಕೈಬರಹದಲ್ಲಿ ಹೇಳಿಕೊಂಡ ರಟ್ಟುಗಳು. ಯಾವ ಬರಹವನ್ನು ಕಂಡರೆ ದಾರಿಹೋಕರು ಮುಖ ತಿರುಗಿಸಿ ನಡೆಯುತ್ತಾರೋ ಅದೇ ಬರಹ ಇಲ್ಲಿ ನಿಂತು ಓದಬೇಕಾದ ಗೋಡೆಯಾಯಿತು. ಬಡವರ ಸಂಕಟವನ್ನು ಕೊಂಡು ಪ್ರದರ್ಶನಕ್ಕಿಡುವುದು ಸರಿಯೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಅದು ಏಳಲೇಬೇಕಾದ ಪ್ರಶ್ನೆ. ನನಗನಿಸುವುದೆಂದರೆ, ಆ ಫಲಕಗಳನ್ನು ಒಂದು ಚಿತ್ರಶಾಲೆಯ ಗೋಡೆಗೆ ತೂಗುಹಾಕಿದ್ದರೆ ಆಕ್ಷೇಪ ಪೂರ್ಣವಾಗಿ ನಿಲ್ಲುತ್ತಿತ್ತು. ಆದರೆ ಸುಕ್ಕಾ ನೋಡುವ ವಸ್ತುವಲ್ಲ, ಒಳಗೆ ಕುಳಿತು ಉಣ್ಣುವ ಜಾಗ. ಅತಿಥಿಯ ಪಾಲು ಬಡವನದು ಎಂಬ ಋಣವನ್ನು ಹೊತ್ತುಕೊಂಡೇ ಅದರೊಳಗೆ ಕಾಲಿಡಬೇಕು. ಪ್ರದರ್ಶನದ ಬಳಿಕ ಸುಕ್ಕಾಗಳ ಹರಾಜಿನ ಹಣವನ್ನು ನೆಲೆಯಿಲ್ಲದವರಿಗಾಗಿಯೂ ಎಚ್‌ಐವಿ ಬಾಧಿತರಿಗಾಗಿಯೂ ದುಡಿಯುವ ಹೌಸಿಂಗ್ ವರ್ಕ್ಸ್ ಸಂಸ್ಥೆಗೆ ಮೀಸಲಿಟ್ಟದ್ದು ಈ ದೃಷ್ಟಿಯಿಂದ ಉಚಿತವಾದ ನಿರ್ಧಾರ.

ಇನ್ನೂ ಒಂದು ಮಾತು. ಸುಕ್ಕಾದಲ್ಲಿ ಕುಳಿತಾಗ ಜೋರಾಗಿ ಮಳೆ ಬಂದರೆ ಏನು ಮಾಡಬೇಕು? ಬಟ್ಟಲಿನ ಗಂಜಿ ಕೆಡುವಷ್ಟು ಮಳೆ ಸುರಿದರೆ ಎದ್ದು ಮನೆಯೊಳಗೆ ಹೋಗಬಹುದೆಂದು ಮಿಶ್ನಾ ಅನುಮತಿ ಕೊಡುತ್ತದೆ. ರಟ್ಟಿನ ಫಲಕ ಹಿಡಿದು ಕೂತವನಿಗೆ ಈ ವಿನಾಯಿತಿ ಇಲ್ಲ. ಅವನಿಗೆ ಎದ್ದು ಹೋಗಲು ಒಳಮನೆಯೇ ಇಲ್ಲ. ಹಬ್ಬ ಆಚರಿಸುವವನಿಗೂ ಬೀದಿಯಲ್ಲಿ ಮಲಗುವವನಿಗೂ ಇರುವ ಈ ಅಂತರವನ್ನು ಸುಕ್ಕಾ ಅಳಿಸಲಾರದು. ಆ ಅಂತರ ಎಷ್ಟೆಂಬುದನ್ನು ಮೈಗೆ ತಟ್ಟಿಸಬಲ್ಲದು, ಅಷ್ಟೆ. ಮುಂದಿನದು ಮನುಷ್ಯರ ಕೆಲಸ.

ಯೂನಿಯನ್ ಸ್ಕ್ವೇರ್ ಈ ಕಾರ್ಯಕ್ರಮಕ್ಕೆ ಸಿಕ್ಕಿದ್ದು ಅರ್ಥಪೂರ್ಣ. 1882ರ ಸೆಪ್ಟೆಂಬರ್ 5ರಂದು ನ್ಯೂಯಾರ್ಕಿನಲ್ಲಿ ಮೊಟ್ಟಮೊದಲ ಕಾರ್ಮಿಕ ದಿನದ ಮೆರವಣಿಗೆ ಸಾಗಿದ್ದು ಇದೇ ಚೌಕದ ಮುಂದೆ. ಇಲ್ಲಿಂದ ಸ್ವಲ್ಪವೇ ದೂರದ ಕೂಪರ್ ಯೂನಿಯನ್ ಸಭಾಂಗಣದಲ್ಲಿ 1909ರ ನವೆಂಬರ್ 22ರಂದು ಉಡುಪು ಕಾರ್ಖಾನೆಗಳ ಕೆಲಸಗಾರರು ಕಿಕ್ಕಿರಿದು ಸೇರಿದ್ದರು. ನಾಯಕರ ಉದ್ದುದ್ದ ಭಾಷಣಗಳಿಂದ ಬೇಸತ್ತ ಕ್ಲಾರಾ ಲೆಮ್ಲಿಚ್ ಎಂಬ 23ರ ತರುಣಿ ಎದ್ದು, ಪೂರ್ವ ಯುರೋಪಿನ ಯೆಹೂದಿಗಳ ಆಡುನುಡಿಯಾದ ಯಿಡ್ಡಿಷ್‌ನಲ್ಲಿ ಮಾತನಾಡಿ, ಕೂಡಲೇ ಮುಷ್ಕರ ಹೂಡಬೇಕೆಂದು ಸೂಚಿಸಿದಳು. ಸಭೆ ಒಪ್ಪಿತು, ಆ ಬಳಿಕ ನೆರೆದವರೆಲ್ಲ ಬಲಗೈ ಎತ್ತಿ, ಈ ಹೋರಾಟಕ್ಕೆ ದ್ರೋಹ ಬಗೆದರೆ ನಾನು ಎತ್ತಿದ ಈ ಕೈ ಒಣಗಿ ಬೀಳಲಿ ಎಂದು ಪ್ರಮಾಣ ಮಾಡಿದರು. ಜೆರೂಸಲೇಮೇ, ನಿನ್ನನ್ನು ಮರೆತರೆ ನನ್ನ ಬಲಗೈ ಬತ್ತಿಹೋಗಲಿ ಎನ್ನುವ 137ನೆಯ ಕೀರ್ತನೆಯ ದನಿ ಅದರಲ್ಲಿರುವುದನ್ನು ಯಾರಾದರೂ ಗುರುತಿಸಬಹುದು. 20,000ಕ್ಕೂ ಹೆಚ್ಚು ಮಂದಿ, ಬಹುಪಾಲು ವಲಸೆ ಬಂದ ಯೆಹೂದಿ ಮತ್ತು ಇಟಾಲಿಯನ್ ಹೆಣ್ಣುಮಕ್ಕಳು, ಚಳಿಗಾಲವಿಡೀ ಮುಷ್ಕರ ನಡೆಸಿದರು. ಪ್ರಾರ್ಥನೆಯ ಪುಸ್ತಕದ ಮಾತು ಕಾರ್ಮಿಕರ ಬಾಯಿಗೆ ಬಂದದ್ದು 2010ರಲ್ಲಿ ಹೊಸದಾಗಿ ಅಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮರುವರ್ಷ, 2011ರಲ್ಲಿ, ವಾಲ್ ಸ್ಟ್ರೀಟ್ ಬಳಿಯ ಜುಕೋಟಿ ಉದ್ಯಾನದಲ್ಲಿ ಆರ್ಥಿಕ ಅಸಮಾನತೆಯ ವಿರುದ್ಧ ಧರಣಿ ನಡೆದಿತ್ತು. ಅಕ್ಟೋಬರ್ 7ರ ಸಂಜೆ, ಯೋಮ್ ಕಿಪ್ಪುರ್ ಆರಂಭವಾಗುವ ಹೊತ್ತಿಗೆ, ನೂರಾರು ಜನ ಉದ್ಯಾನದ ಎದುರಿನ ಬಯಲಿನಲ್ಲಿ ಸೇರಿ ಆ ದಿನದ ಆರಂಭದ ಪ್ರಾರ್ಥನೆಯಾದ ‘ಕೋಲ್ ನಿದ್ರೇ’ಯನ್ನು ನಡೆಸಿದರು. ಧ್ವನಿವರ್ಧಕ ಇರಲಿಲ್ಲ, ಮುಂದಿನವರು ಹೇಳಿದ್ದನ್ನು ಹಿಂದಿನವರು ಒಕ್ಕೊರಲಿನಿಂದ ಪುನರುಚ್ಚರಿಸಿ ಇನ್ನೂ ಹಿಂದಿನವರಿಗೆ ಮುಟ್ಟಿಸಿದರು. ಕೆಲವೇ ದಿನಗಳಲ್ಲಿ ಧರಣಿಯ ನಡುವೆ ಒಂದು ಸುಕ್ಕಾ ಎದ್ದಿತು. ನೆಲೆಯ ಹಕ್ಕಿನ ಬಗ್ಗೆ ಕೂಗುತ್ತಿದ್ದವರ ಮಧ್ಯೆ ಆ ಗುಡಿಸಲು ಹೊರಗಿನಿಂದ ಬಂದ ವಸ್ತುವಿನಂತೆ ಕಾಣಲು ಕಾರಣವೇ ಇರಲಿಲ್ಲ.

ಹಬ್ಬವನ್ನು ಹೀಗೆ ರಾಜಕೀಯಕ್ಕೆ ಎಳೆಯುವುದು ಸಲ್ಲದೆಂದು ಹೇಳುವ ಯೆಹೂದಿಗಳೂ ಇದ್ದಾರೆ. ಅವರ ಕಳಕಳಿಯನ್ನು ಹಗುರವಾಗಿ ಕಾಣಬಾರದು. ಸುಕ್ಕೋತ್ ಸಂತೋಷದ ಹಬ್ಬ. ಖರ್ಜೂರದ ಗರಿ, ಸುಗಂಧದ ಮಿರ್ಟಲ್ ಕಡ್ಡಿ, ನೀರಂಚಿನ ವಿಲ್ಲೋ ಕಡ್ಡಿ, ಜೊತೆಗೆ ನಮ್ಮ ಮಾದಲದ ಹಣ್ಣಿನ ಜಾತಿಯ ಎತ್ರೋಗ್, ಇವನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ ಹಾಡುವ ಹಬ್ಬದಲ್ಲಿ ಘೋಷಣೆಗಳಿಗೆ ಏನು ಕೆಲಸ ಎಂದು ಅವರು ಕೇಳುತ್ತಾರೆ. ಆದರೆ ಸಂತೋಷಪಡು ಎಂದು ಆಜ್ಞಾಪಿಸುವ ಧರ್ಮೋಪದೇಶಕಾಂಡದ 16ನೆಯ ಅಧ್ಯಾಯವೇ ಯಾರೊಡನೆ ಸಂತೋಷಪಡಬೇಕೆಂಬ ಪಟ್ಟಿಯನ್ನೂ ಕೊಡುತ್ತದೆ: ಮಗ, ಮಗಳು, ಆಳು, ದಾಸಿ, ದೇವಾಲಯದ ಸೇವೆಯ ಕುಲದವನಾದ ಲೇವಿಯ, ಊರಿಗೆ ಬಂದ ಪರದೇಶಿ, ತಬ್ಬಲಿ, ವಿಧವೆ. ಇವರನ್ನು ಹೊರಗಿಟ್ಟು ಹಬ್ಬವನ್ನು ಶುದ್ಧವಾಗಿಡುತ್ತೇವೆಂದರೆ ವಿಧಿಯನ್ನೇ ಬಿಟ್ಟಂತಾಗುತ್ತದೆ. ಹಾಗೆಯೇ, ನಿಯಮಗಳನ್ನೆಲ್ಲ ಗಾಳಿಗೆ ತೂರಿ ಗುಡಿಸಲನ್ನು ಬರಿಯ ಘೋಷಣಾಫಲಕವಾಗಿ ಬಳಸುವವರ ಕೆಲಸವೂ ಸಪ್ಪೆಯಾಗುತ್ತದೆ. ಯೂನಿಯನ್ ಸ್ಕ್ವೇರಿನ ಕಲಾವಿದರಿಗೆ ಎರಡು ಸಾವಿರ ವರ್ಷದ ಕಟ್ಟಳೆ ತೊಡಕಾಗಲಿಲ್ಲ, ಊರುಗೋಲಾಯಿತು.

ಕೆನಡಾದ ಟೊರಾಂಟೊ ನಗರದಲ್ಲಿ ಕೆಹಿಲಾ ಎಂಬ ಯೆಹೂದಿ ವಸತಿ ಸಂಸ್ಥೆಯೂ ‘ಸುಕ್ಕಾವಿಲ್’ ಎಂಬ ಇಂಥದೇ ವಿನ್ಯಾಸ ಸ್ಪರ್ಧೆಯನ್ನು 2010ರ ದಶಕದಲ್ಲಿ ನಡೆಸಿ, ಮೆಲ್ ಲಾಸ್ಟ್‌ಮನ್ ಚೌಕದಲ್ಲಿ ಸುಕ್ಕಾಗಳನ್ನು ನಿಲ್ಲಿಸಿ, ಕೈಗೆಟುಕುವ ಬಾಡಿಗೆಯ ಮನೆಗಳ ಅಭಾವವನ್ನು ಊರಿನ ಮುಂದಿಟ್ಟಿತು. ನ್ಯೂಯಾರ್ಕಿನದು ಎರಡು ದಿನದ ಸಂಭ್ರಮವಾಗಿತ್ತು. ಟೊರಾಂಟೊದಲ್ಲಿ ಹಬ್ಬದ ಗುಡಿಸಲನ್ನು ಕಟ್ಟಿಸಿದ ಸಂಸ್ಥೆಯೇ ವರ್ಷದ ಉಳಿದ ದಿನಗಳಲ್ಲಿ ಬಾಡಿಗೆ ಕಟ್ಟಲಾಗದ ಕುಟುಂಬಗಳಿಗೆ ನೆರವಾಗುವ ಕೆಲಸದಲ್ಲಿ ತೊಡಗಿತ್ತು. ಇಂಥ ಸಮಾವೇಶಗಳಲ್ಲಿ ನನಗೆ ಹೆಚ್ಚು ಗೌರವವಿರುವುದು ಈ ಎರಡನೆಯ ಬಗೆಯದರ ಮೇಲೆ.

ನಮಸ್ಕಾರ.