ಕಳ್ಳಭಟ್ಟಿ ರಸ್ತೆಯಿಂದ ರೇಸ್ ಟ್ರ್ಯಾಕಿಗೆ: ನಾರ್ತ್ ವಿಲ್ಕ್ಸ್‌ಬೊರೊದಲ್ಲಿ ಒಂದು ಮಧ್ಯಾಹ್ನ

ನಮಸ್ಕಾರ ಎಲ್ಲರಿಗೂ. ಈಗ ನೀವು ನೋಡುತ್ತಿರುವುದು ಅಮೆರಿಕದ ನಾರ್ತ್ ಕ್ಯಾರೊಲೈನಾದ 421ನೇ ನಂಬರ್ ಹೆದ್ದಾರಿ. ಬೆಳಿಗ್ಗೆ ಶಾರ್ಲೆಟ್‌ನಿಂದ ಹೊರಟು ಒಂದು ಹಳೇ ಕಾರ್ ರೇಸ್ ಟ್ರ್ಯಾಕ್ ನೋಡೋಕೆ ಸುಮಾರು 80 ಮೈಲಿ ಬಂದಿದ್ದೇವೆ. ಈ ರಸ್ತೆಗೆ ಇಲ್ಲಿ ಜೂನಿಯರ್ ಜಾನ್ಸನ್ ಹೈವೇ ಅಂತ ಹೆಸರು. ಒಬ್ಬ ರೇಸ್ ಡ್ರೈವರ್ ಹೆಸರನ್ನು ಹೆದ್ದಾರಿಗೆ ಇಟ್ಟಿದ್ದಾರೆ ನೋಡಿ.

ಪಕ್ಕದ ಸೀಟಿನಲ್ಲಿ ಕೂತಿರುವವರು ನಮ್ಮ ಪಕ್ಕದ ಮನೆ ತಾತ. ಮುಖ ತೋರಿಸಬೇಡಪ್ಪಾ ಅಂದಿದ್ದಾರೆ. ಅದಕ್ಕೇ ಕೈ ಮಾತ್ರ ಕಾಣುತ್ತದೆ. ಆ ಕೈಯಲ್ಲಿ ಒಂದು ಹಳೇ ಟಿಕೆಟ್ ಇದೆ. 29 ಸೆಪ್ಟೆಂಬರ್ 1996. ಮಡಚಿದ ಕಡೆ ಅಕ್ಷರ ಅಳಿಸಿಹೋಗಿದೆ. ಇಷ್ಟು ವರ್ಷ ಪರ್ಸಿನಲ್ಲೇ ಇಟ್ಟುಕೊಂಡಿದ್ದಾರೆ.

ಕೆಲಸಕ್ಕೆ ಅಂತ ಶಾರ್ಲೆಟ್‌ಗೆ ಬಂದಾಗ ನಾಸ್ಕಾರ್ ಬಗ್ಗೆ, ಅಂದರೆ ಅಮೆರಿಕದ ಸ್ಟಾಕ್ ಕಾರ್ ರೇಸ್ ನಡೆಸುವ ಸಂಸ್ಥೆ ಬಗ್ಗೆ, ನನಗೆ ಏನೂ ಗೊತ್ತಿರಲಿಲ್ಲ. ಭಾನುವಾರ ತಾತನ ಗ್ಯಾರೇಜಿನಲ್ಲಿ ಕೂತು ಟಿವಿ ನೋಡಿ ನೋಡಿ ರುಚಿ ಹತ್ತಿತು. ಆದರೆ ತಾತನ ಮನಸ್ಸು ಇರುವುದು ಈಗಿನ ರೇಸಿನ ಮೇಲಲ್ಲ, ಹಳೇ ರೇಸಿನ ಮೇಲೆ. ಕೇಳ್ತಾ ಕೇಳ್ತಾ ನನ್ನ ಮನಸ್ಸೂ ಅಲ್ಲಿಗೇ ಹೋಯಿತು.

ಸ್ಟಾಕ್ ಕಾರ್ ಅಂದರೆ ಆಗ ಅಂಗಡಿಯಲ್ಲಿ ಮಾರಾಟಕ್ಕೆ ಇದ್ದ ಕಾರು. ನಿಮ್ಮ ಮನೆ ಮುಂದೆ ನಿಂತಿರುವಂಥದ್ದೇ. ಅದನ್ನೇ ತಂದು ಓಡಿಸಿದರು. ಈ ಗುಡ್ಡಗಾಡಿನ ಹುಡುಗರಿಗೆ ಡ್ರೈವಿಂಗ್ ಕಲಿಸಿದ್ದು ಯಾವ ಸ್ಕೂಲೂ ಅಲ್ಲ, ಕಳ್ಳಭಟ್ಟಿ. ಮೆಕ್ಕೆಜೋಳದ ಸಾರಾಯಿ ಕಾಯಿಸಿ, ರಾತ್ರೋರಾತ್ರಿ ಕಾರಿನಲ್ಲಿ ತುಂಬಿಕೊಂಡು, ಲೈಟ್ ಆರಿಸಿ ಈ ತಿರುವುಗಳಲ್ಲಿ ಓಡಿಸುತ್ತಿದ್ದರು. ಭಾರಕ್ಕೆ ಕಾರಿನ ಹಿಂಭಾಗ ಕುಸಿದರೆ ಪೊಲೀಸರಿಗೆ ಗುಮಾನಿ. ಅದಕ್ಕೆ ಹಿಂದಿನ ಸ್ಪ್ರಿಂಗ್ ಗಟ್ಟಿ ಮಾಡಿಸುತ್ತಿದ್ದರು.

ಈ ಸ್ಪ್ರಿಂಗ್ ನೆನಪಿಟ್ಟುಕೊಳ್ಳಿ. 1949ರ ಜೂನ್ 19ರಂದು ಶಾರ್ಲೆಟ್‌ನಲ್ಲಿ ನಾಸ್ಕಾರ್‌ನ ಮೊದಲ ಸ್ಟ್ರಿಕ್ಟ್‌ಲಿ ಸ್ಟಾಕ್ ರೇಸ್ ನಡೆಯಿತು. ಅಂದರೆ ಅಂಗಡಿಯಿಂದ ಬಂದ ಕಾರನ್ನು ಬದಲಿಸದೆ ಓಡಿಸಬೇಕು. ಮೊದಲು ಗುರಿ ಮುಟ್ಟಿದ್ದು ಗ್ಲೆನ್ ಡನವೇ. ರೇಸ್ ಮುಗಿದ ಮೇಲೆ ಕಾರಿನ ಕೆಳಗೆ ಬಗ್ಗಿ ನೋಡಿದರೆ ಅದೇ ಕಳ್ಳಭಟ್ಟಿ ಸ್ಪ್ರಿಂಗ್! ಅನರ್ಹ ಅಂದುಬಿಟ್ಟರು. ಗೆಲುವು ಜಿಮ್ ರೋಪರ್ ಪಾಲಾಯಿತು. ಹಿಂದಿನ ರಾತ್ರಿಯ ಕಸುಬು ಮತ್ತು ಮಾರನೇ ದಿನದ ಆಟ ಆಗ ಅಷ್ಟು ಹತ್ತಿರ ಇದ್ದವು.

ಜೂನಿಯರ್ ಜಾನ್ಸನ್ ಈ ವಿಲ್ಕ್ಸ್ ಕೌಂಟಿಯವರೇ. ಸಾರಾಯಿ ಸಾಗಿಸುವಾಗ ರಸ್ತೆ ಮೇಲೆ ಅವರು ಯಾರ ಕೈಗೂ ಸಿಗಲಿಲ್ಲ. 1956ರಲ್ಲಿ ಸಿಕ್ಕಿಬಿದ್ದದ್ದು ಅಪ್ಪನ ಭಟ್ಟಿಯ ಹತ್ತಿರ, ಕಾಲ್ನಡಿಗೆಯಲ್ಲಿ ಇದ್ದಾಗ. ಜೈಲಿಗೆ ಹೋಗಿಬಂದು ಮತ್ತೆ ಸ್ಟೀರಿಂಗ್ ಹಿಡಿದರು. 1960ರ ಡೇಟೋನಾ 500 ಅನ್ನುವ ದೊಡ್ಡ ರೇಸಿನಲ್ಲಿ ಅವರ ಶೆವ್ರೊಲೆಗೆ ಸಾಕಷ್ಟು ವೇಗ ಇರಲಿಲ್ಲ. ಮುಂದಿನ ಕಾರಿನ ಬಾಲಕ್ಕೆ ಅಂಟಿಕೊಂಡು ಓಡಿಸಿದರೆ ಗಾಳಿಯ ತಡೆ ಕಡಿಮೆಯಾಗಿ ತನ್ನ ಕಾರೂ ಅಷ್ಟೇ ಜೋರಾಗಿ ಓಡುತ್ತದೆ ಅಂತ ಪ್ರಾಕ್ಟೀಸಿನಲ್ಲಿ ಕಂಡುಕೊಂಡರು. ಹಾಗೇ ಮಾಡಿ ಗೆದ್ದರು. ಒಟ್ಟು 50 ಗೆಲುವು. 1986ರಲ್ಲಿ ಅಧ್ಯಕ್ಷ ರೇಗನ್ ಆ ಹಳೇ ಕೇಸಿಗೆ ಕ್ಷಮಾದಾನ ಕೊಟ್ಟರು.

ಬಂತು ನೋಡಿ, ನಾರ್ತ್ ವಿಲ್ಕ್ಸ್‌ಬೊರೊ ಸ್ಪೀಡ್‌ವೇ. ಇವತ್ತು ರೇಸ್ ಇಲ್ಲ. ತಾತ ಹೋಗಿ ಕೇಳಿಕೊಂಡರು, ಅಲ್ಲಿಯವರು ಸ್ವಲ್ಪ ಹೊತ್ತು ಕೂತಿರಿ ಅಂದರು.

ಕ್ಯಾಮೆರಾ ಸೊಟ್ಟಗಿಲ್ಲ, ಟ್ರ್ಯಾಕೇ ಹಾಗಿದೆ. ಈ ಕಡೆ ಇಳಿಜಾರು, ಆ ಕಡೆ ಏರು. 1947ರಲ್ಲಿ ಶುರು ಮಾಡಿದಾಗ ನೆಲ ಸಮ ಮಾಡಿಸುವಷ್ಟು ದುಡ್ಡು ಇರಲಿಲ್ಲ. ಗುಡ್ಡ ಹೇಗಿತ್ತೋ ಹಾಗೇ ಸುತ್ತಿಸಿಬಿಟ್ಟರು. ಒಂದು ಸುತ್ತು ಅಂದರೆ ಒಂದು ಮೈಲಿಯೂ ಇಲ್ಲ, 0.625 ಮೈಲಿ. ನನಗೆ ಇದೇ ತುಂಬಾ ಇಷ್ಟವಾಯಿತು. ಇಂಥ ಟ್ರ್ಯಾಕ್ ಬೇರೆ ಊರಿನಲ್ಲಿ ಕಟ್ಟೋಕೆ ಆಗಲ್ಲ, ಅಲ್ವಾ?

ತಾತನ ಕೈಯಲ್ಲಿರುವ ಟಿಕೆಟ್ ಬೀಗ ಬೀಳುವ ಮೊದಲಿನ ಕೊನೇ ರೇಸಿನದು. ಅವತ್ತು ಗೆದ್ದದ್ದು ಜೆಫ್ ಗಾರ್ಡನ್. ಅಷ್ಟರಲ್ಲಿ ಟ್ರ್ಯಾಕ್ ಹೊಸ ಮಾಲೀಕರ ಕೈ ಸೇರಿತ್ತು. ಇಲ್ಲಿ ವರ್ಷಕ್ಕೆ ನಡೆಯುತ್ತಿದ್ದ ಎರಡು ರೇಸುಗಳಲ್ಲಿ ಒಂದು ಟೆಕ್ಸಸ್‌ಗೆ, ಇನ್ನೊಂದು ನ್ಯೂ ಹ್ಯಾಂಪ್‌ಶೈರ್‌ಗೆ ಹೋದವು. ಅಲ್ಲಿ ಸೀಟು ಜಾಸ್ತಿ, ದುಡ್ಡು ಜಾಸ್ತಿ. ಇಲ್ಲಿ ಗೇಟಿಗೆ ಬೀಗ. ಡಾಂಬರಿನ ಬಿರುಕುಗಳಲ್ಲಿ ಕಳೆ ಬೆಳೆಯಿತು. 2019ರ ಕೊನೆಯಲ್ಲಿ ಹೆಸರುವಾಸಿ ಡ್ರೈವರ್ ಡೇಲ್ ಅರ್ನ್‌ಹಾರ್ಟ್ ಜೂನಿಯರ್ ಜನರನ್ನು ಕಟ್ಟಿಕೊಂಡು ಬಂದು ಆ ಕಳೆ ಕಿತ್ತರು. ಕಂಪ್ಯೂಟರ್ ಗೇಮಿನಲ್ಲಾದರೂ ಈ ಟ್ರ್ಯಾಕ್ ಉಳಿಯಲಿ ಅನ್ನುವುದಷ್ಟೇ ಆಗ ಆಸೆ. ಆದರೆ 2023ರ ಮೇನಲ್ಲಿ ನಾಸ್ಕಾರ್ ನಿಜವಾಗಿ ಇಲ್ಲಿಗೇ ವಾಪಸ್ ಬಂತು, ಆಯ್ದ ಡ್ರೈವರುಗಳ ಆಲ್-ಸ್ಟಾರ್ ರೇಸ್ ಇಲ್ಲೇ ನಡೆಯಿತು. ಕೈಲ್ ಲಾರ್ಸನ್ ಗೆದ್ದರು. ಟಿವಿ ಮುಂದೆ ತಾತ ಅತ್ತದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಹಳೇದೆಲ್ಲ ಒಳ್ಳೇದು ಅಂತ ನಾನು ಹೇಳಲ್ಲ. 1963ರ ಡಿಸೆಂಬರಿನಲ್ಲಿ ಜಾಕ್ಸನ್‌ವಿಲ್‌ನಲ್ಲಿ ವೆಂಡೆಲ್ ಸ್ಕಾಟ್ ಗೆದ್ದರು. ನಾಸ್ಕಾರ್‌ನ ಅತಿ ದೊಡ್ಡ ಸರಣಿಯಲ್ಲಿ ಗೆದ್ದ ಮೊದಲ ಕಪ್ಪು ಡ್ರೈವರ್. ಅವತ್ತು ಟ್ರೋಫಿ ಮಾತ್ರ ಬೇರೆಯವರ ಕೈಗೆ ಹೋಯಿತು. ಅವರ ಮನೆಯವರಿಗೆ ಟ್ರೋಫಿ ಸಿಕ್ಕಿದ್ದು 2021ರಲ್ಲಿ, ಅವರು ತೀರಿಕೊಂಡು ಎಷ್ಟೋ ವರ್ಷದ ಮೇಲೆ. ಈ ಮಾತು ಬಂದಾಗಲೆಲ್ಲ ತಾತ ತಲೆ ತಗ್ಗಿಸುತ್ತಾರೆ.

ಅವರಿಗೆ ತುಂಬಾ ನೆನಪಾಗುವುದು ಒಂದು ಸದ್ದು. ಮೊದಲು ಚಕ್ರಕ್ಕೆ ಐದು ನಟ್. ಪಿಟ್‌ಗೆ (ರೇಸಿನ ನಡುವೆ ಚಕ್ರ ಬದಲಿಸುವ ಜಾಗ) ಬಂದ ಕಾರಿನ ಪಕ್ಕ ಮಂಡಿಯೂರಿ, ನಟ್ ಬಿಚ್ಚುವ ಗನ್ ಹಿಡಿದು, ಟರ್-ಟರ್-ಟರ್-ಟರ್-ಟರ್. ಐದು ಸಲ ಬಿಚ್ಚಿ, ಐದು ಸಲ ಬಿಗಿದು, ಆ ಕಡೆ ಚಕ್ರಕ್ಕೆ ಓಟ. 2022ರ ಹೊಸ ಕಾರಿಗೆ ನಡುವೆ ಒಂದೇ ನಟ್. ಒಂದು ಟರ್, ಮುಗೀತು. ತಾತ ಬೆರಳಿನಿಂದ ಡ್ಯಾಶ್‌ಬೋರ್ಡ್ ಮೇಲೆ ಆ ಐದನ್ನು ಬಾರಿಸಿ ತೋರಿಸಿದಾಗ ನನಗೂ ಕೇಳಿಸಿತು.

ಈಗ ನೋಡಿ. ಸ್ಟ್ಯಾಂಡಿನಲ್ಲಿ, ತಾವು 1996ರಲ್ಲಿ ಕೂತಿದ್ದ ಜಾಗ ಹುಡುಕಿ ಕೂತಿದ್ದಾರೆ. ನಾನು ಹಿಂದೆ ಕೂತು ಶೂಟ್ ಮಾಡುತ್ತಿದ್ದೇನೆ. ಟ್ರ್ಯಾಕ್ ಖಾಲಿ. ಆದರೆ ತಾತನ ತಲೆ ಮೆಲ್ಲಗೆ ಎಡದಿಂದ ಬಲಕ್ಕೆ ತಿರುಗುತ್ತಿದೆ, ಇಳಿಜಾರಿನ ಉದ್ದಕ್ಕೂ. ಆಮೇಲೆ ಆ ಕಡೆಯ ಏರಿನಲ್ಲಿ ಬಲದಿಂದ ಎಡಕ್ಕೆ. ಮತ್ತೆ ಶುರು. ಮನೆಗೆ ಬಂದು ವಿಡಿಯೋ ಎಡಿಟ್ ಮಾಡುವಾಗ ಟೈಮ್ ನೋಡಿದೆ. ಆಗಿನ ಕಾರುಗಳು ಇಲ್ಲಿ ಒಂದು ಸುತ್ತಿಗೆ ತೆಗೆದುಕೊಳ್ಳುತ್ತಿದ್ದಷ್ಟೇ, ಸುಮಾರು ಇಪ್ಪತ್ತು ಸೆಕೆಂಡ್.