ಮುಖ ಕಾಣದ ಕೇಳುಗನಿಗೆ ಆಡುವ ಮಾತು

ಸಭಿಕರಿಗೆ ನಮಸ್ಕಾರ.

1982ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಗಣಕ ವಿಜ್ಞಾನಿಗಳು ತಮ್ಮ ಆನ್‌ಲೈನ್ ಸೂಚನಾ ಫಲಕದಲ್ಲಿ ಒಂದು ಒಗಟನ್ನು ಚರ್ಚಿಸುತ್ತಿದ್ದರು: ಕಳಚಿ ಬೀಳುತ್ತಿರುವ ಲಿಫ್ಟಿನೊಳಗೆ ಪಾದರಸದ ಹನಿಯೊಂದು ಇದ್ದರೆ ಅದರ ಗತಿ ಏನು? ಒಬ್ಬರು ತಮಾಷೆಗೆಂದು, ಲಿಫ್ಟಿನಲ್ಲಿ ಪಾದರಸ ಚೆಲ್ಲಿದೆ ಎಂದು ಎಚ್ಚರಿಕೆಯ ಧಾಟಿಯಲ್ಲಿ ಬರೆದರು. ಹಿಂದುಮುಂದಿನ ಚರ್ಚೆ ತಿಳಿಯದ ಕೆಲವರು ಅದನ್ನು ನಿಜವೆಂದೇ ನಂಬಿಬಿಟ್ಟರು. ಇಂಥ ಎಡವಟ್ಟು ಮತ್ತೆ ಆಗಬಾರದೆಂದು ಸೆಪ್ಟೆಂಬರ್ 19ರಂದು ಸ್ಕಾಟ್ ಫಾಲ್ಮನ್ ಎಂಬ ವಿಜ್ಞಾನಿ ಒಂದು ಸಲಹೆ ಮುಂದಿಟ್ಟರು: ನಗೆಮಾತಿನ ಪಕ್ಕದಲ್ಲಿ :-) ಎಂಬ ಗುರುತು ಹಾಕೋಣ, ತಲೆ ವಾಲಿಸಿ ಓದಿರಿ.

ಸಾಮಾಜಿಕ ಜಾಲತಾಣಗಳು ಹುಟ್ಟುವುದಕ್ಕೆ ಎರಡು ದಶಕ ಮೊದಲೇ ಅವುಗಳ ಮೂಲ ತೊಡಕು ಇಲ್ಲಿ ಕಾಣಿಸಿಕೊಂಡಿದೆ. ಎದುರಾಎದುರು ಆಡುವ ಮಾತಿಗೆ ಹುಬ್ಬು, ದನಿ, ಅರೆಗಳಿಗೆಯ ಮೌನ ಇವೆಲ್ಲ ಬೆಂಬಲ ಕೊಡುತ್ತವೆ; ಪರದೆಯ ಮೇಲಿನ ಮಾತಿಗೆ ಅವು ಯಾವುವೂ ಇಲ್ಲ, ಕೇಳುವವರು ಯಾರು ಎಂಬ ಖಾತರಿಯೂ ಇಲ್ಲ. ಜಾಲತಾಣಗಳು ಭಾಷೆಯನ್ನು ಕೆಡಿಸುತ್ತಿವೆ ಎಂಬ ದೂರನ್ನು ನಾವು ದಿನನಿತ್ಯ ಕೇಳುತ್ತೇವೆ. ನನ್ನ ಅಭಿಪ್ರಾಯದಲ್ಲಿ ಅಲ್ಲಿ ನಡೆಯುತ್ತಿರುವುದು ಬೇರೆಯೇ: ಮುಖ ಕಾಣದ ಕೇಳುಗನನ್ನು ತಲುಪುವ ಹರಸಾಹಸ.

ಪೂರ್ಣವಿರಾಮದ ಗತಿಯನ್ನೇ ನೋಡಿ. ಪುಸ್ತಕದಲ್ಲಿ ಅದು ವಾಕ್ಯ ಮುಗಿಯಿತೆಂಬುದರ ಗುರುತು, ಅಷ್ಟೇ. ವಾಟ್ಸ್‌ಆ್ಯಪಿನಲ್ಲಿ ಒಂದೊಂದು ಸಾಲೂ ಬೇರೆ ಬೇರೆ ಗುಳ್ಳೆಯಾಗಿಯೇ ಬರುವುದರಿಂದ ಆ ಕೆಲಸಕ್ಕೆ ಅದು ಬೇಕಿಲ್ಲ. ಬೇಕಿಲ್ಲದಿದ್ದರೂ ಹಾಕಿದರೆ ಅದಕ್ಕೊಂದು ಅರ್ಥ ಅಂಟಿಕೊಳ್ಳುತ್ತದೆ. ‘ಸರಿ’ ಎಂದು ಬರೆದರೆ ಒಪ್ಪಿಗೆ, ‘ಸರಿ.’ ಎಂದು ಚುಕ್ಕೆಯಿಟ್ಟರೆ ಕೋಪವೋ ಬೇಸರವೋ ಎಂಬ ಅನುಮಾನ. ‘ಸರೀೀೀ’ ಎಂದು ಎಳೆದರೆ ಸಲಿಗೆ. ಬಿಂಗ್‌ಹ್ಯಾಂಟನ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪೂರ್ಣವಿರಾಮದಿಂದ ಮುಗಿಯುವ ಒಂದು ಪದದ ಮೊಬೈಲ್ ಉತ್ತರಗಳು ಓದುವವರಿಗೆ ಕಡಿಮೆ ಪ್ರಾಮಾಣಿಕವಾಗಿ ಕಂಡಿದ್ದವು. ಕೈಬರಹದ ಚೀಟಿಯಲ್ಲಿ ಅದೇ ಉತ್ತರಕ್ಕೆ ಈ ಪರಿಣಾಮವಿರಲಿಲ್ಲ. ಇದನ್ನು ಅಕ್ಷರ ಬಾರದವರ ಅವಾಂತರ ಎನ್ನಲಾಗದು. ಸೂಕ್ಷ್ಮವನ್ನು ಬಲ್ಲವರೇ ಚುಕ್ಕೆಗೆ ದನಿ ಕೊಟ್ಟಿದ್ದಾರೆ. (ಹಿರಿಯರ ಸಂದೇಶಗಳನ್ನು ಕಂಡು ‘ಇವರಿಗೆ ನನ್ನ ಮೇಲೇಕೆ ಸಿಟ್ಟು’ ಎಂದು ಕಿರಿಯರು ಗಾಬರಿಯಾಗುವುದು ಇದೇ ಕಾರಣಕ್ಕೆ, ಪಾಪ, ಹಿರಿಯರು ಶಾಲೆಯಲ್ಲಿ ಕಲಿತಂತೆ ಬರೆದಿರುತ್ತಾರೆ.)

ಇತ್ತೀಚೆಗೆ ಇನ್ನೊಬ್ಬ ಕೇಳುಗನೂ ಸೇರಿಕೊಂಡಿದ್ದಾನೆ. ಅವನು ಮನುಷ್ಯನಲ್ಲ, ಯಂತ್ರ. ಸಾವು, ಆತ್ಮಹತ್ಯೆ, ಲೈಂಗಿಕತೆ ಕುರಿತ ಪದಗಳು ಕಂಡರೆ ಜಾಲತಾಣದ ಗಣಕಸೂತ್ರವು (ಅಲ್ಗಾರಿದಮ್) ವಿಡಿಯೋವನ್ನು ಹಿಂದಕ್ಕೆ ತಳ್ಳೀತೆಂಬ ಅಂಜಿಕೆಯಿಂದ ಟಿಕ್‌ಟಾಕ್ ಬಳಕೆದಾರರು ಇಂಗ್ಲಿಷಿನಲ್ಲಿ ಸಾಯುವುದಕ್ಕೆ ‘ಅನ್‌ಅಲೈವ್’ ಎನ್ನತೊಡಗಿದರು. ಸಾವಿನ ಹೆಸರೆತ್ತಲು ಹಿಂಜರಿದು ‘ತೀರಿಕೊಂಡರು’, ‘ಹೋಗಿಬಿಟ್ಟರು’ ಎನ್ನುವ ರೂಢಿ ಹಳೆಯದೇ. ಆದರೆ ಆ ನಯದ ಹಿಂದೆ ಸತ್ತವರ ಮನೆಯವರ ಬಗ್ಗೆ ಕಾಳಜಿ ಇರುತ್ತಿತ್ತು. ಈ ಹೊಸ ನಯ ಯಾರ ನೋವಿಗೂ ಸಂಬಂಧಿಸಿದ್ದಲ್ಲ. ಯಂತ್ರದ ಕಣ್ಣು ತಪ್ಪಿಸಲು ಹುಟ್ಟಿದ ಮಾತು ಮೆಲ್ಲಗೆ ಮಾಮೂಲಿ ಮಾತುಕತೆಯೊಳಕ್ಕೂ ನುಸುಳುತ್ತಿರುವುದು ನನಗೆ ಕಳವಳ ತರುವ ಸಂಗತಿ. ಪದಗಳನ್ನು ಮೊಟಕು ಮಾಡಿ ಬರೆಯುವುದರ ಬಗ್ಗೆ ನನಗೆ ಅಂಥ ಕಳವಳವಿಲ್ಲ. ತಂತಿ ಕಳಿಸುತ್ತಿದ್ದವರೂ ಹಾಗೆಯೇ ಬರೆಯುತ್ತಿದ್ದರು.

ಇನ್ನು ಹಾಸ್ಯ. ಸ್ಪೇನಿನ ಛಾಯಾಗ್ರಾಹಕ ಆಂಟೋನಿಯೊ ಗಿಲ್ಲೆಮ್ 2015ರಲ್ಲಿ ಮಾರಾಟಕ್ಕೆಂದು ತೆಗೆದ ಒಂದು ಚಿತ್ರವನ್ನು ನಿಮ್ಮಲ್ಲಿ ಹೆಚ್ಚಿನವರು ನೋಡಿರುತ್ತೀರಿ: ಗೆಳತಿಯ ಜೊತೆ ನಡೆಯುತ್ತಿರುವ ಯುವಕ ದಾಟಿಹೋದ ಇನ್ನೊಬ್ಬಳನ್ನು ತಿರುಗಿ ನೋಡುತ್ತಿದ್ದಾನೆ, ಗೆಳತಿ ಬಾಯಿ ತೆರೆದು ಬೆರಗಾಗಿದ್ದಾಳೆ. 2017ರಲ್ಲಿ ಈ ಮೂವರ ಮೇಲೆ ಜನ ಒಂದೊಂದು ಹೆಸರು ಬರೆಯತೊಡಗಿದರು. ಯುವಕ ‘ನಾನು’, ಗೆಳತಿ ‘ನಾಳೆಯ ಪರೀಕ್ಷೆ’, ದಾಟಿಹೋದವಳು ‘ನಿದ್ದೆ’ ಎಂದರೆ ನಗೆ ಸಿದ್ಧ. ಇದರಲ್ಲಿ ಚಿತ್ರ ಯಾರದು ಎಂಬುದು ಯಾರಿಗೂ ಬೇಡ. ಈ ಅಚ್ಚನ್ನು ಮೊದಲೇ ಕಂಡವರಿಗೆ ಮಾತ್ರ ನಗು ದಕ್ಕುತ್ತದೆ. ಮೊದಲ ಸಲ ನೋಡುವವರ ಕಣ್ಣಿಗೆ ಬೀಳುವುದು ಹೆಂಗಸರನ್ನು ದಿಟ್ಟಿಸುವ ಒಬ್ಬ ಗಂಡಸು, ಅಷ್ಟೇ.

ಸ್ವೀಡನ್ನಿನ ಬಾನ್‌ಹೋಫ್ ಎಂಬ ಇಂಟರ್ನೆಟ್ ಕಂಪನಿ 2018ರಲ್ಲಿ ಕೆಲಸಗಾರರನ್ನು ಕರೆಯಲು ಇದೇ ಚಿತ್ರ ಬಳಸಿತು. ಯುವಕನ ಮೇಲೆ ‘ನೀವು’, ಗೆಳತಿಯ ಮೇಲೆ ‘ನಿಮ್ಮ ಈಗಿನ ಕಚೇರಿ’, ಇನ್ನೊಬ್ಬಳ ಮೇಲೆ ಕಂಪನಿಯ ಹೆಸರು. ದೂರುಗಳು ಬಂದವು, ಅಲ್ಲಿನ ಜಾಹೀರಾತು ಉಸ್ತುವಾರಿ ಸಂಸ್ಥೆ ಇದು ಹೆಣ್ಣನ್ನು ಕೀಳಾಗಿ ಕಾಣುವ ಜಾಹೀರಾತು ಎಂದು ತೀರ್ಪಿತ್ತಿತು. ಇದು ಜನಪ್ರಿಯ ಮೀಮ್, ಅದಕ್ಕೆ ತಕ್ಕಂತೆ ಓದಬೇಕು ಎಂಬ ಕಂಪನಿಯ ವಾದ ನಿಲ್ಲಲಿಲ್ಲ. ಲಿಫ್ಟಿನ ಪಾದರಸದ ವಿಷಯದಲ್ಲಿ ಆದದ್ದೂ ಇದೇ. ವ್ಯತ್ಯಾಸವೆಂದರೆ ಇಲ್ಲಿ ನಗಿಸಲು ಹೊರಟವನು ವ್ಯಾಪಾರಿ.

ವ್ಯಾಪಾರಿಗೆ ಈ ಹಾಸ್ಯ ಯಾಕೆ ಬೇಕಾಯಿತು? ಹಿಂದೆ ಜಾಹೀರಾತು ಎತ್ತರದ ಫಲಕದಿಂದ ಎಲ್ಲರಿಗೂ ಒಂದೇ ದನಿಯಲ್ಲಿ ಕೂಗುತ್ತಿತ್ತು. ಈಗ ಅದು ಗೆಳೆಯರ ಫೋಟೋಗಳ ನಡುವೆ, ಅವರಷ್ಟೇ ಅಗಲದ ಚೌಕಟ್ಟಿನಲ್ಲಿ ಬಂದು ಕೂರುತ್ತದೆ, ಹಾಗಾಗಿ ಗೆಳೆಯನಂತೆಯೇ ಮಾತಾಡಬೇಕಾಗುತ್ತದೆ. 2013ರ ಫೆಬ್ರವರಿಯಲ್ಲಿ ಅಮೆರಿಕದ ಸೂಪರ್ ಬೌಲ್ ಪಂದ್ಯದ ನಡುವೆ ಕ್ರೀಡಾಂಗಣದಲ್ಲಿ ವಿದ್ಯುತ್ ಹೋಗಿ ಆಟ 34 ನಿಮಿಷ ನಿಂತಾಗ, ಓರಿಯೋ ಬಿಸ್ಕತ್ತಿನ ಟ್ವಿಟರ್ ಖಾತೆ ಕತ್ತಲಲ್ಲೂ ಅದ್ದಿ ತಿನ್ನಬಹುದು ಎಂದು ಒಂದು ಸಾಲು ಬರೆಯಿತು. ಅದು ಮನೆಮಾತಾಯಿತು. ಪಕ್ಕದಲ್ಲಿ ಕುಳಿತು ಪಂದ್ಯ ನೋಡುತ್ತಿದ್ದವನೊಬ್ಬ ಆಡಿದಂತಿದ್ದ ಆ ಮಾತಿನ ಹಿಂದೆ ತಂಡವೊಂದು ಸಿದ್ಧವಾಗಿ ಕಾದು ಕುಳಿತಿತ್ತು. ಆ ಬಳಿಕ ಯಾವ ಘಟನೆ ನಡೆದರೂ ಕಂಪನಿಗಳು ಮುಗಿಬಿದ್ದು ಚಟಾಕಿ ಹಾರಿಸತೊಡಗಿವೆ. ಅವುಗಳಲ್ಲಿ ಬಹುಪಾಲು ಸಪ್ಪೆ.

ಚಟಾಕಿ ಹಾರಿಸುವ ಕಂಪನಿಯನ್ನು ಗುರುತಿಸುವುದು ಕಷ್ಟವಲ್ಲ, ಅದರ ಹೆಸರು ಮೇಲೆಯೇ ಇರುತ್ತದೆ. ತೊಡಕಿರುವುದು ಹಣ ಪಡೆದ ಇನ್‌ಫ್ಲುಯೆನ್ಸರ್ ‘ನಾನೂ ಇದನ್ನೇ ಬಳಸುತ್ತೇನೆ’ ಎಂದಾಗ. ಮಾಧ್ಯಮ ಕಸಿದುಕೊಂಡಿದ್ದ ಮುಖ ಇಲ್ಲಿ ಮರಳಿ ಬಂದಿದೆ, ಆದರೆ ಬಾಡಿಗೆಗೆ. ಭಾರತದ ಜಾಹೀರಾತು ಗುಣಮಟ್ಟ ಮಂಡಳಿ 2021ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಇಂಥ ಬರಹಗಳಲ್ಲಿ ‘ಜಾಹೀರಾತು’ ಎಂಬ ಪಟ್ಟಿ ಎದ್ದು ಕಾಣಬೇಕು. ‘ಇನ್ನಷ್ಟು ಓದಿ’ ಎಂಬುದನ್ನು ಒತ್ತಿದ ಮೇಲಷ್ಟೇ ಕಾಣುವಂತೆ ಅದನ್ನು ಹ್ಯಾಷ್‌ಟ್ಯಾಗ್‌ಗಳ ಗುಂಪಿನಲ್ಲಿ ಅಡಗಿಸುವಂತಿಲ್ಲ. ತಮಾಷೆಗೆ ಗುರುತು ಹಾಕಿರೆಂದು ಫಾಲ್ಮನ್ ಕೇಳಿದಾಗ ಜನ ಸಂತೋಷದಿಂದ ಹಾಕಿದರು. ಈ ಗುರುತನ್ನು ಮಾತ್ರ ನಿಯಮ ಮಾಡಿ ಹಾಕಿಸಬೇಕಾಗಿದೆ, ಏಕೆಂದರೆ ಕೇಳುಗ ತಪ್ಪು ತಿಳಿಯುವುದರಲ್ಲೇ ಹೇಳುವವನ ಲಾಭವಿದೆ.