ಎಂಜಿನ್ ಸುಮ್ಮನಿರಲಿ

ಎಲ್ಲರಿಗೂ ನಮಸ್ಕಾರ. ಇಂಜಿನಿಯರುಗಳ ದಿನಕ್ಕೆ ಪೆಟ್ರೋಲ್ ಎಂಜಿನ್ ಜೊತೆಗೆ ಕರೆಂಟ್ ಮೋಟಾರೂ ಇರುವ ಹೈಬ್ರಿಡ್ ಕಾರಿನ ಬಗ್ಗೆ ಮಾತಾಡಿ ಅಂದಿರಿ. ಬಾಗಿಲಲ್ಲೇ ಒಬ್ಬರು ಹಿಡಿದುಕೊಂಡರು: "ಸಾರ್, ಎಷ್ಟು ಕೊಡುತ್ತೆ?" ನಮ್ಮ ಬಿಡದಿಯಲ್ಲೇ ತಯಾರಾಗುವ ಟೊಯೋಟಾ ಹೈರೈಡರ್, ಮಾರುತಿ ಗ್ರ್ಯಾಂಡ್ ವಿಟಾರಾ ಹೈಬ್ರಿಡ್‌ಗಳಿಗೆ ಕಂಪನಿ ಲೆಕ್ಕ ಲೀಟರಿಗೆ 27.97 ಕಿಲೋಮೀಟರ್. ಆಯ್ತಲ್ಲ? ಈಗ ಅದು ಎಲ್ಲಿಂದ ಬಂತು ನೋಡೋಣ. ಬ್ಯಾಟರಿಯಿಂದ ಅಂತೀರಿ. ಸ್ವಾಮೀ, ಈ ಕಾರುಗಳಿಗೆ ಚಾರ್ಜಿಂಗ್ ಪ್ಲಗ್ಗೇ ಇಲ್ಲ. ಬ್ಯಾಟರಿಗೆ ಬೀಳುವುದೆಲ್ಲ ನೀವು ಬಂಕಿನಲ್ಲಿ ಕೊಟ್ಟ ದುಡ್ಡೇ. ಉಳಿತಾಯ ಇರುವುದು ಎಂಜಿನ್ ಬೇಡದ ಹೊತ್ತಿನಲ್ಲಿ ಸುಮ್ಮನಿರುವುದರಲ್ಲಿ.

ನಮ್ಮ ಸೋದರಮಾವನಿಗೆ ಇದು ಅಂಬಾಸಿಡರ್ ಕಾಲದಲ್ಲೇ ಗೊತ್ತಿತ್ತು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಚಾರ್ಮಾಡಿ ಇಳಿಯಲು ಶುರುವಾದ ಕೂಡಲೇ ನ್ಯೂಟ್ರಲ್‌ಗೆ ಹಾಕಿ ಕೀಲಿ ತಿರುಗಿಸಿಬಿಡೋರು. ಕಾರು ಸದ್ದಿಲ್ಲದೆ ಜಾರುತ್ತಿತ್ತು. ಹಿಂದಿನ ಸೀಟಿನಲ್ಲಿ ಅತ್ತೆಯ ಮಂಜುನಾಥ ಸ್ಮರಣೆ ಮಾತ್ರ ಕೇಳಿಸುತ್ತಿತ್ತು. ಕೆಳಗೆ ಮುಟ್ಟುವಷ್ಟರಲ್ಲಿ ಬ್ರೇಕ್ ಡ್ರಮ್ ಕಾದು ಸುಟ್ಟ ವಾಸನೆ. ಯಾರೂ ಹಾಗೆ ಮಾಡಬೇಡಿ! ಎಂಜಿನ್ನಿನ ಹಿಡಿತ ತಪ್ಪಿ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತೆ. ಆದರೆ ಮಾವ ಶಾಖ ಮಾಡಿ ಗಾಳಿಗೆ ಬಿಟ್ಟರಲ್ಲ, ಅದನ್ನೇ ಹೈಬ್ರಿಡ್ ಕಾರು ತನ್ನ ಮೋಟಾರನ್ನು ಡೈನಮೋ ಮಾಡಿ ಬ್ಯಾಟರಿಗೆ ಹಿಡಿದುಕೊಳ್ಳುತ್ತೆ.

ಎಷ್ಟು ಅಂತೀರಾ? ಒಂದೂವರೆ ಟನ್ ಕಾರು, 40 ಕಿಲೋಮೀಟರ್ ವೇಗ, ಸಿಗ್ನಲ್ ಕೆಂಪಾಯಿತು. ಮತ್ತೆ ಆ ವೇಗಕ್ಕೆ ಬರಲು ಸಾಧಾರಣ ಎಂಜಿನ್ನಿಗೆ ಸುಮಾರು 10 ಮಿಲಿಲೀಟರ್ ಪೆಟ್ರೋಲ್ ಬೇಕು. ಎರಡು ಟೀ ಚಮಚ. ಮೆಜೆಸ್ಟಿಕ್‌ನಿಂದ ಜಯನಗರಕ್ಕೆ ಸಿಗ್ನಲ್ ಎಣಿಸಿಕೊಳ್ಳಿ. ಹೈಬ್ರಿಡ್ ಆದರೂ ಅದಷ್ಟೂ ವಾಪಸ್ ಬರಲ್ಲ, ಒಂದು ಭಾಗ ಬರುತ್ತೆ. ಮಾಮೂಲಿ ಕಾರಿಗೆ ಹೈವೇ ಲಾಭ. ಹೈಬ್ರಿಡ್‌ನ ಉಳಿತಾಯ ಊರೊಳಗಿನ ಟ್ರಾಫಿಕ್‌ನಲ್ಲೇ ಜಾಸ್ತಿ.

ಹಾಗಾದರೆ ದೊಡ್ಡ ಬ್ಯಾಟರಿ ಹಾಕಿ ಅಂತ ವಿದ್ಯಾರ್ಥಿಗಳು ಕೇಳ್ತಾರೆ. ಹೈರೈಡರ್ ಬ್ಯಾಟರಿ ಪೂರ್ತಿ ತುಂಬಿದರೂ ಒಂದು ಯೂನಿಟ್ ಕರೆಂಟ್ ಹಿಡಿಯಲ್ಲ. ಚಾರ್ಮಾಡಿ ಇಳಿಯುವಾಗ ಅರ್ಧ ದಾರಿಯಲ್ಲೇ ತುಂಬಿ ಹೋಗಬಹುದು. ದೊಡ್ಡದು ಹಾಕಿದರೆ ಆ ತೂಕವನ್ನು ದಿನಾ ಹೊರಬೇಕು, ಘಾಟಿ ಇಳಿಯುವುದು ವರ್ಷಕ್ಕೆ ಎರಡು ಸಲ.

ಇನ್ನು ಎಂಜಿನ್. 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಪ್ರಿಯಸ್‌ನಿಂದ ಹಿಡಿದು ಟೊಯೋಟಾದವರು ನೆಚ್ಚಿಕೊಂಡಿರುವುದು ಅಟ್ಕಿನ್ಸನ್ ಸೈಕಲ್ ಅನ್ನೋ ಎಂಜಿನ್ ಕ್ರಮ. ಸಿಲಿಂಡರಿಗೆ ಗಾಳಿ ಒಳಗೆಳೆಯುವ ವಾಲ್ವನ್ನು ತಡವಾಗಿ ಮುಚ್ಚುತ್ತಾರೆ. ಉರಿಯುವ ಮೊದಲು ಒತ್ತುವುದು ಕಡಿಮೆ, ಉರಿದ ಮೇಲೆ ಹಿಗ್ಗುವುದು ಜಾಸ್ತಿ. ಕಬ್ಬಿನ ಸಿಪ್ಪೆಯನ್ನು ಇನ್ನೊಂದು ಸಲ ಗಾಣಕ್ಕೆ ಕೊಟ್ಟ ಹಾಗೆ. ಇದರಲ್ಲಿ ಎಳೆತ ಕಡಿಮೆ, ಹೊರಡುವಾಗ ಮುಗ್ಗರಿಸುತ್ತೆ. ಅಲ್ಲಿ ಮೋಟಾರ್ ಕೈಹಿಡಿಯುತ್ತೆ, ಎಂಜಿನ್ ತನಗೆ ಒಗ್ಗುವ ಕೆಲಸ ಬಂದಾಗ ಏಳುತ್ತೆ. ಮತ್ತೆ ಅದೇ ಮಾತು, ಅಲ್ಲಿವರೆಗೂ ಸುಮ್ಮನಿರಲಿ.

ಚೀಟಿ ಬಂತು... "ಊಟ ರೆಡಿ". ಗಾಳಿಯ ತಡೆ, ತೆಳು ಎಣ್ಣೆ, ಗೇರಿನ ಜೋಡಣೆ ಎಲ್ಲ ಉಳಿಯಿತು. ಟಯರ್ ಬಗ್ಗೆ ಒಂದೇ ಮಾತು: ಗಾಳಿ ಕಡಿಮೆ ಇದ್ದರೆ ನಾವು ವಿನ್ಯಾಸದಲ್ಲಿ ಉಳಿಸಿದ್ದನ್ನು ನೀವು ರಸ್ತೆಯಲ್ಲಿ ಉಜ್ಜಿ ಬರ್ತೀರಿ. ಸಂಜೆ ಹೋಗ್ತಾ ನೋಡಿಸಿ. ಪ್ರಶ್ನೆಗಳನ್ನು ಪಂಕ್ತಿಯಲ್ಲಿ ಕೇಳಿ, "ಎಷ್ಟು ಕೊಡುತ್ತೆ" ಅನ್ನೋದೊಂದು ಬಿಟ್ಟು.